ಬೆಳಕಿನ ಸಾಕ್ಷಿ: ಜೀವಕೋಶದೊಳಗಿನ ಕ್ರಿಯಾಶೀಲ ಆಮ್ಲಜನಕವನ್ನು ಕಾಣುವ ಬಗೆ

ಔಷಧದ ಅಂಗಡಿಯ ಗಾಜಿನ ಕಪಾಟಿನಲ್ಲಿ 'ಆಂಟಿ ಆಕ್ಸಿಡೆಂಟ್' ಎಂಬ ಹೆಸರು ಹೊತ್ತ ಸೀಸೆಗಳನ್ನು ವಾಚಕರು ನೋಡಿಯೇ ಇರುವರು. ಸಿನ್ನರಿನಲ್ಲಿಯೂ ಉಂಟು, ರಜೆಗೆ ಊರಿಗೆ ಹೋದರೆ ಅಲ್ಲಿಯೂ ಉಂಟು. ಬೆಲೆ ಕೇಳಿದರೆ ಒಂದೆರಡು ಪಾಳಿಯ ಕೂಲಿ. ಇವನ್ನು ಹೊಗಳುವ ಜಾಹೀರಾತುಗಳಲ್ಲಿ ಕೆಲವೊಮ್ಮೆ ಎರಡು ಚಿತ್ರಗಳಿರುತ್ತವೆ. ಒಂದರಲ್ಲಿ ಜೀವಕೋಶಗಳು ಕತ್ತಲೆಯಲ್ಲಿ ಹಸಿರಾಗಿ ಉರಿಯುತ್ತಿರುತ್ತವೆ. ಇನ್ನೊಂದರಲ್ಲಿ ಅದೇ ಕೋಶಗಳು ಮಂಕಾಗಿರುತ್ತವೆ. ಮೊದಲನೆಯದು ವಿಷ, ಎರಡನೆಯದು ಔಷಧದ ಮಹಿಮೆ ಎಂದು ನಾವು ತಿಳಿದುಕೊಳ್ಳಬೇಕು. ಆ ಹಸಿರು ಬೆಳಕು ನಿಜವಾಗಿ ಏನು, ಅದು ಯಾವುದಕ್ಕೆ ಸಾಕ್ಷಿ ಹೇಳಬಲ್ಲದು, ಯಾವುದಕ್ಕೆ ಹೇಳಲಾರದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ. ಬೀಡಿಗೆ ಹೆಸರಾದ ಊರಿನಲ್ಲಿ, ಹೊಗೆ ಮತ್ತು ದೂಳಿನ ನಡುವೆ ದುಡಿಯುವ ನಮಗೆ ಇದು ದೂರದ ವಿಷಯವಲ್ಲ.

ಮೊದಲು ಆಮ್ಲಜನಕದ ಮಾತು. ನಾವು ಉಸಿರಾಡುವ ಆಮ್ಲಜನಕವು ಕೋಶದೊಳಗೆ ಹೋಗಿ ಕಡೆಗೆ ನೀರಾಗುತ್ತದೆ. ಒಂದು ಆಮ್ಲಜನಕದ ಅಣು ಹಾಗೆ ನೀರಾಗಬೇಕಾದರೆ ನಾಲ್ಕು ಎಲೆಕ್ಟ್ರಾನುಗಳು ಅದಕ್ಕೆ ಸೇರಬೇಕು. ಬಹುಪಾಲು ಅಣುಗಳು ಈ ನಾಲ್ಕನ್ನೂ ಕ್ರಮವಾಗಿ ಪಡೆದು ಮುಗಿಸುತ್ತವೆ. ಆದರೆ ಅಲ್ಲೊಂದು ಇಲ್ಲೊಂದು ಅಣು ನಡುದಾರಿಯಲ್ಲಿ ನಿಂತುಬಿಡುತ್ತದೆ. ಒಂದೇ ಎಲೆಕ್ಟ್ರಾನು ಸಿಕ್ಕಿದ್ದು ಸೂಪರಾಕ್ಸೈಡ್. ಎರಡು ಸಿಕ್ಕಿದ್ದು ಹೈಡ್ರೊಜನ್ ಪೆರಾಕ್ಸೈಡ್. ಮೂರನೆಯದು ಸಿಕ್ಕಾಗ ಹುಟ್ಟುವುದು ಹೈಡ್ರಾಕ್ಸಿಲ್ ಎಂಬ ಮಹಾ ಉಗ್ರ ತುಣುಕು. ಈ ಬಳಗಕ್ಕೆ ಕ್ರಿಯಾಶೀಲ ಆಮ್ಲಜನಕ ಎಂದು ಹೆಸರು. ಬಳಗ ಒಂದಾದರೂ ಸ್ವಭಾವ ಒಂದಲ್ಲ. ಹೈಡ್ರಾಕ್ಸಿಲ್ ಹುಟ್ಟಿದ ಜಾಗದಲ್ಲಿಯೇ, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಾಲದಲ್ಲಿ, ಎದುರು ಸಿಕ್ಕಿದ್ದನ್ನು ಕಚ್ಚಿ ಮುಗಿದುಹೋಗುತ್ತದೆ. ಹೈಡ್ರೊಜನ್ ಪೆರಾಕ್ಸೈಡ್ ಸಮಾಧಾನಿ, ಅಷ್ಟು ದೂರ ನಡೆದುಹೋಗಬಲ್ಲದು. ಇದು ನಮಗೆ ಪರಿಚಿತ ವಸ್ತುವೇ. ಕಾರ್ಖಾನೆಯಲ್ಲಿ ಕೈ ಕೊಯ್ದುಕೊಂಡಾಗ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ತೆಗೆದು ಗಾಯದ ಮೇಲೆ ಹಾಕಿದೊಡನೆ ಬುಸುಬುಸು ನೊರೆ ಬರುವ ನೀರು ಇದೇ. ಆ ನೊರೆ ಬರಿಸುವುದು ನಮ್ಮ ರಕ್ತಮಾಂಸದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ. ಅದು ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ಈ ಕ್ಯಾಟಲೇಸನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕ್ರಿಯಾಶೀಲ ಆಮ್ಲಜನಕವೆಂದರೆ ಬರೀ ಕೇಡು ಎಂದು ತಿಳಿಯುವುದು ತಪ್ಪು. ನಮ್ಮ ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿದಾಗ ಬೇಕೆಂದೇ ಇದನ್ನು ತಯಾರಿಸಿ ಅದರ ಮೇಲೆ ಸುರಿಯುತ್ತವೆ. ಅಲ್ಪ ಪ್ರಮಾಣದ ಪೆರಾಕ್ಸೈಡ್ ಕೋಶದೊಳಗೆ ಸುದ್ದಿ ಮುಟ್ಟಿಸುವ ಜವಾನನ ಕೆಲಸವನ್ನೂ ಮಾಡುತ್ತದೆ. ಮಿತಿ ಮೀರಿದರೆ ಮಾತ್ರ ಹಾನಿ. ಬೀಡಿಯ ಹೊಗೆಯಾಗಲಿ, ಆಗತಾನೆ ಒಡೆದ ಬಿಳಿಕಲ್ಲಿನ ಸಣ್ಣ ದೂಳಾಗಲಿ ಶ್ವಾಸಕೋಶಕ್ಕೆ ಇಳಿದಾಗ ಈ ಮಿತಿ ಮೀರುವುದುಂಟು. ಆದುದರಿಂದ ಎಷ್ಟಿದೆ, ಎಲ್ಲಿದೆ, ಬಳಗದಲ್ಲಿ ಯಾವುದು ಇದೆ ಎಂದು ಅಳೆಯುವುದು ಮುಖ್ಯ. ಕಷ್ಟವಿರುವುದೂ ಇಲ್ಲಿಯೇ. ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಸಾಯುವ ವಸ್ತುವನ್ನು, ಕೋಶವನ್ನು ಕೊಲ್ಲದೆ, ಅದರೊಳಗೇ ಅಳೆಯುವುದೆಂತು?

ಉಪಾಯ ಬೆಳಕಿನದು. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದನ್ನು ಪ್ರತಿದೀಪ್ತಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಹೆಸರಿಟ್ಟವನು ಸ್ಟೋಕ್ಸ್ ಎಂಬ ವಿಜ್ಞಾನಿ, 1852ರಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗುಮಾಸ್ತ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಟನ್ನು ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಅದರ ಅಂಕಿಗಳು ಹೊಳೆಯುವುದು ಇದರಿಂದಲೇ. ಹಳೆಯ ಟ್ಯೂಬ್‌ಲೈಟಿನ ಒಳಮೈಗೆ ಬಳಿದ ಬಿಳಿಯ ಪುಡಿಯೂ ಇದೇ ಕೆಲಸ ಮಾಡುತ್ತದೆ. ಇನ್ನು ಗ್ರೈಂಡಿಂಗ್ ಯಂತ್ರದ ಮುಂದೆ ನಿಲ್ಲುವವರು ಕಣ್ಣಿಗೆ ಕಬ್ಬಿಣದ ಕಿಡಿ ಹಾರಿ ಕಣ್ಣಿನ ವೈದ್ಯರಲ್ಲಿಗೆ ಹೋಗಿದ್ದರೆ, ಅವರು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ದೀಪದಲ್ಲಿ ನೋಡಿದ್ದು ನೆನಪಿರಬಹುದು. ಗೀರು ಬಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಆ ಪಟ್ಟಿಯ ಬಣ್ಣವೇ ಫ್ಲೋರೆಸೀನ್. ಜರ್ಮನಿಯ ಬಾಯರ್ ಅದನ್ನು 1871ರಲ್ಲಿ ತಯಾರಿಸಿದ.

ನಮ್ಮ ಕಥೆಯ ನಾಯಕ ಇದೇ ಫ್ಲೋರೆಸೀನಿನ ವಂಶದವನು. ಅದಕ್ಕೆ ಎರಡು ಕ್ಲೋರಿನ್ ಪರಮಾಣು ಸೇರಿಸಿ, ಎರಡು ಜಲಜನಕಗಳನ್ನು ಕೊಟ್ಟು ಹೊಳಪನ್ನು ಅಡಗಿಸಿದರೆ ಬಣ್ಣವಿಲ್ಲದ ಒಂದು ವಸ್ತು ಸಿಗುತ್ತದೆ. ಉತ್ಕರ್ಷಣವಾದರೆ, ಎಂದರೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡರೆ, ಅದು ಮತ್ತೆ ಹೊಳೆಯತೊಡಗುತ್ತದೆ. 1965ರಲ್ಲಿ ಕೆಸ್ಟನ್ ಮತ್ತು ಬ್ರಾಂಟ್ ಎಂಬ ಇಬ್ಬರು ಅತ್ಯಲ್ಪ ಪ್ರಮಾಣದ ಹೈಡ್ರೊಜನ್ ಪೆರಾಕ್ಸೈಡನ್ನು ಅಳೆಯಲು ಇದನ್ನು ಬಳಸಬಹುದೆಂದು ತೋರಿಸಿದರು. ಅವರು ಅಳೆದದ್ದು ಗಾಜಿನ ಪಾತ್ರೆಯಲ್ಲಿ, ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಜತೆಗೆ ಸೇರಿಸಿ. ಆಮೇಲೆ ಬಂದವರು ಇದನ್ನೇ ಜೀವಂತ ಕೋಶಕ್ಕೆ ತಂದರು. ಬಣ್ಣದ ಅಣುವಿಗೆ ಎರಡು ಅಸಿಟೇಟ್ ಗುಂಪುಗಳ ಮುಸುಕು ಹಾಕಿದರೆ ಅದು ಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಹೋದ ಮೇಲೆ ಕೋಶದ ಕಿಣ್ವಗಳೇ ಮುಸುಕನ್ನು ಕತ್ತರಿಸುತ್ತವೆ. ಆಗ ಅದು ಹೊರಗೆ ಬರಲಾರದೆ ಬಹುಮಟ್ಟಿಗೆ ಒಳಗೇ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನೀಲಿ ಬೆಳಕು ಬೀರಿದರೆ, ಉತ್ಕರ್ಷಣವಾದ ಕೋಶ ಹಸಿರಾಗಿ ಹೊಳೆಯುತ್ತದೆ. ಜಾಹೀರಾತಿನ ಹಸಿರು ಚಿತ್ರ ಸಾಮಾನ್ಯವಾಗಿ ಇದರದೇ. ಅಗ್ಗ, ಸುಲಭ, ಅರ್ಧ ಗಂಟೆಯ ಕೆಲಸ. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಷ್ಟು ಪ್ರಚಾರ ಪಡೆದ ಶೋಧಕ ಬಣ್ಣ ಇನ್ನೊಂದು ಸಿಗುವುದು ಕಷ್ಟ.

ಈಗ ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸೋಣ.

ಹೈಡ್ರೊಜನ್ ಪೆರಾಕ್ಸೈಡನ್ನು ತೋರಿಸುತ್ತದೆಂದು ಹೆಸರಾದ ಈ ಬಣ್ಣವು ಹೈಡ್ರೊಜನ್ ಪೆರಾಕ್ಸೈಡಿನೊಡನೆ ತಾನಾಗಿ ಸೇರುವುದೇ ಇಲ್ಲವೆನ್ನಬೇಕು! ನಡುವೆ ದಲ್ಲಾಳಿಯೊಬ್ಬ ಬೇಕು. ಕೆಸ್ಟನ್ ಮತ್ತು ಬ್ರಾಂಟ್ ಪೆರಾಕ್ಸಿಡೇಸನ್ನು ಸೇರಿಸಿದ್ದು ಅದಕ್ಕಾಗಿಯೇ. ಕೋಶದೊಳಗೆ ಈ ದಲ್ಲಾಳಿ ಕಬ್ಬಿಣವಾಗಿರಬಹುದು, ಪೆರಾಕ್ಸಿಡೇಸ್ ಆಗಿರಬಹುದು, ಸಾಯುತ್ತಿರುವ ಕೋಶದಲ್ಲಿ ತನ್ನ ಸ್ಥಾನ ಬಿಟ್ಟು ಹೊರಬಂದ ಸೈಟೊಕ್ರೋಮ್ ಎಂಬ ಕಬ್ಬಿಣದ ಪ್ರೋಟೀನೂ ಆಗಿರಬಹುದು. ಆದ್ದರಿಂದ ಹೊಳಪು ಹೆಚ್ಚಿದಾಗ ಪೆರಾಕ್ಸೈಡ್ ಹೆಚ್ಚಿತೋ ದಲ್ಲಾಳಿ ಹೆಚ್ಚಿದನೋ ಹೇಳಲಾಗದು. ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದಿದೆ, ವೋಚರು ಇಲ್ಲ. ಹಣ ಎಲ್ಲಿಂದ ಬಂತೆಂದು ಯಾವ ಗುಮಾಸ್ತ ಹೇಳಿಯಾನು?

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಈ ಬಣ್ಣವು ಅರ್ಧ ಉತ್ಕರ್ಷಣವಾದ ಸ್ಥಿತಿಯಲ್ಲಿ ಪಕ್ಕದ ಆಮ್ಲಜನಕಕ್ಕೆ ಒಂದು ಎಲೆಕ್ಟ್ರಾನನ್ನು ದಾಟಿಸಿ ಸೂಪರಾಕ್ಸೈಡನ್ನು ಹುಟ್ಟಿಸುತ್ತದೆ. ಸೂಪರಾಕ್ಸೈಡ್ ಮತ್ತೆ ಪೆರಾಕ್ಸೈಡಾಗುತ್ತದೆ. ಎಂದರೆ ಕಳ್ಳನನ್ನು ಹುಡುಕಲು ಕಳುಹಿಸಿದ ಪೇದೆ ತಾನೇ ಒಂದಿಷ್ಟು ಕಳ್ಳತನ ಮಾಡಿ ವರದಿ ಬರೆದಂತೆ. ಸೂಕ್ಷ್ಮದರ್ಶಕದ ಪ್ರಬಲ ದೀಪವನ್ನು ಬಹಳ ಹೊತ್ತು ಹಿಡಿದರೆ ಅದರಿಂದಲೂ ಹೊಳಪು ಬೆಳೆಯುತ್ತದೆ. ಒಂದು ಕೋಶ ಬಣ್ಣವನ್ನು ಹೆಚ್ಚು ಕುಡಿದು ಇನ್ನೊಂದು ಕಡಿಮೆ ಕುಡಿದಿದ್ದರೆ ಅದೂ ಹೆಚ್ಚುಕಡಿಮೆಯಾಗಿ ಕಾಣುತ್ತದೆ.

ಹಾಗಾದರೆ ಈ ಬಣ್ಣ ನಿಷ್ಪ್ರಯೋಜಕವೇ? ಹಾಗಲ್ಲ. 'ಕೋಶದಲ್ಲಿ ಉತ್ಕರ್ಷಣ ಏನೋ ಏರುಪೇರಾಗಿದೆ' ಎಂದಷ್ಟನ್ನು ಅದು ಹೇಳುತ್ತದೆ. ಮುಂದಿನದನ್ನು ಪ್ರಯೋಗ ಮಾಡುವವನು ಶ್ರಮಪಟ್ಟು ತಿಳಿಯಬೇಕು. ಉದಾಹರಣೆಗೆ, ಕೋಶದೊಳಗೆ ಕ್ಯಾಟಲೇಸನ್ನು ಹೆಚ್ಚಿಸಿದಾಗ ಹೊಳಪು ಇಳಿದರೆ, ಪೆರಾಕ್ಸೈಡ್ ಅಲ್ಲಿತ್ತು ಎನ್ನಲು ಆಧಾರ ಸಿಕ್ಕಿತು. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. 2014ರಲ್ಲಿ ನ್ಯೂಜಿಲೆಂಡಿನ ಕ್ರಿಸ್ಟೀನ್ ವಿಂಟರ್‌ಬೋರ್ನ್ ಎಂಬ ವಿದುಷಿ ಇಂಥ ತೊಡಕುಗಳನ್ನೆಲ್ಲ ವಿವರವಾಗಿ ಬರೆದರು. 2022ರಲ್ಲಿ ಕೇಂಬ್ರಿಜಿನ ಮೈಕೆಲ್ ಮರ್ಫಿ ಮೊದಲಾದ ಹಲವು ದೇಶಗಳ ತಜ್ಞರು ಕೂಡಿ ಅಳತೆಯ ಕ್ರಮಗಳನ್ನು ಪ್ರಕಟಿಸಿದರು. ಬಳಗದ ಹೆಸರನ್ನು ಮಾತ್ರ ಹೇಳಿ ಸುಮ್ಮನಾಗಬೇಡಿ, ಸೂಪರಾಕ್ಸೈಡೋ ಪೆರಾಕ್ಸೈಡೋ ಎಂದು ವ್ಯಕ್ತಿಯ ಹೆಸರು ಹೇಳಿ ಎಂಬುದು ಅವರ ಒತ್ತಾಯ. ನಮಗೆ ಇದು ಬಹಳ ನ್ಯಾಯವಾದ ಮಾತೆಂದು ತೋರುತ್ತದೆ.

ಬೇರೆ ಬಣ್ಣಗಳನ್ನೂ ಮಾಡಿದ್ದಾರೆ. ಸೂಪರಾಕ್ಸೈಡಿಗಾಗಿ ಕೆಂಪಾಗಿ ಹೊಳೆಯುವ ಒಂದು ಬಣ್ಣವುಂಟು. ಆದರೆ ಸೂಪರಾಕ್ಸೈಡಿನಿಂದ ಹುಟ್ಟುವ ಕೆಂಪೂ ಇತರ ಉತ್ಕರ್ಷಣದಿಂದ ಹುಟ್ಟುವ ಕೆಂಪೂ ಕಣ್ಣಿಗೆ ಒಂದೇ. ಕೋಶದ ಸಾರವನ್ನು ತೆಗೆದು ಎರಡನ್ನೂ ಬೇರ್ಪಡಿಸಿದ ಮೇಲೆಯೇ ನಿಜ ತಿಳಿಯುವುದು. 2004ರಲ್ಲಿ ಅಮೆರಿಕದ ಕ್ರಿಸ್ಟೊಫರ್ ಚಾಂಗ್ ಮತ್ತು ಸಂಗಡಿಗರು ಬೋರಾನ್ ಸೇರಿಸಿ ಮಾಡಿದ ಬಣ್ಣ ಪೆರಾಕ್ಸೈಡನ್ನು ದಲ್ಲಾಳಿಯಿಲ್ಲದೆ ನೇರವಾಗಿ ಗುರುತಿಸುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ಅದರ ನಡಿಗೆ ಬಹಳ ನಿಧಾನ. ಕೋಶದ ಸ್ವಂತ ಕಿಣ್ವಗಳು ಪೆರಾಕ್ಸೈಡನ್ನು ಅದಕ್ಕಿಂತ ಲಕ್ಷಾಂತರ ಪಟ್ಟು ವೇಗದಲ್ಲಿ ಮುಗಿಸಿಬಿಡುವುದರಿಂದ ಬಣ್ಣಕ್ಕೆ ಸಿಗುವುದು ಪಂಕ್ತಿಯ ಕೊನೆಯವನಿಗೆ ಉಳಿದ ಅನ್ನದಂತೆ, ಚೂರು ಪಾಲು.

ಇಷ್ಟು ಹೇಳಿದ ಮೇಲೆ ನಮ್ಮ ನಾಡಿನಲ್ಲಿ ನಡೆದ ಒಂದು ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮಿತ್ ಸಿಂಗ್ ಎಂಬ ವಿಜ್ಞಾನಿಯ ತಂಡವಿದೆ. ಅವರ ವಿಷಯ ಕ್ಷಯರೋಗದ ಸೂಕ್ಷ್ಮಜೀವಿ. ಒಂದೇ ಕೋಣೆಯಲ್ಲಿ ಆರು ಜನ ಪಾಳಿ ಮೇಲೆ ಮಲಗುವ ನಮ್ಮಂಥವರ ನಡುವೆ ಕ್ಷಯದ ಮಾತು ಬಂದರೆ ಎಲ್ಲರೂ ಕಿವಿ ನೆಟ್ಟಗೆ ಮಾಡುತ್ತಾರೆ. ಕಲ್ಲುದೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಈ ರೋಗ ಬೇಗ ಹತ್ತುತ್ತದೆಂಬುದೂ ತಿಳಿದ ವಿಷಯ. ಬಿಳಿಯ ಭಕ್ಷಕ ಕೋಶಗಳು ಈ ಸೂಕ್ಷ್ಮಜೀವಿಯನ್ನು ನುಂಗಿ ಅದರ ಮೇಲೆ ಕ್ರಿಯಾಶೀಲ ಆಮ್ಲಜನಕವನ್ನು ಸುರಿಯುತ್ತವಾದರೂ ಅದು ಸಾಯದೆ ಉಳಿಯುತ್ತದೆ. ಒಳಗೆ ಅದರ ಸ್ಥಿತಿ ಏನು? ಹೊರಗಿನಿಂದ ಸುರಿದ ಬಣ್ಣದಿಂದ ಇದನ್ನು ತಿಳಿಯಲಾಗದು. ಭಕ್ಷಕ ಕೋಶವೂ ಹೊಳೆಯುತ್ತದೆ, ನುಂಗಿಸಿಕೊಂಡದ್ದೂ ಹೊಳೆಯುತ್ತದೆ.

ಅವರು ಹಿಡಿದ ದಾರಿ ಸಮುದ್ರದಿಂದ ಬಂತು. ಒಂದು ಬಗೆಯ ಲೋಳೆಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಇರುವುದನ್ನು ಶಿಮೊಮುರ ಎಂಬ ಜಪಾನಿ ವಿಜ್ಞಾನಿ 1962ರಲ್ಲಿ ವರದಿ ಮಾಡಿದ್ದ. ಆ ಪ್ರೋಟೀನಿನ ಕೆಲಸಕ್ಕಾಗಿ 2008ರಲ್ಲಿ ಅವನಿಗೂ ಚಾಲ್ಫಿ ಮತ್ತು ತ್ಸಿಯನ್ ಎಂಬ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. 2004ರ ಹೊತ್ತಿಗೆ ಬೇರೆಯವರು ಈ ಪ್ರೋಟೀನಿನಲ್ಲಿ ಎರಡು ಗಂಧಕದ ಕೊಂಡಿಗಳನ್ನು ಕೂಡಿಸಿದ್ದರು. ಉತ್ಕರ್ಷಣವಾದಾಗ ಕೊಂಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಇಲ್ಲವಾದರೆ ಬಿಚ್ಚಿಕೊಂಡಿರುತ್ತವೆ. ಸೊಗಸು ಇರುವುದು ಮುಂದೆ. ಸಿಕ್ಕಿಕೊಂಡಾಗ ಈ ಪ್ರೋಟೀನು 405 ನ್ಯಾನೊಮೀಟರಿನ ನೇರಳೆ ಬೆಳಕಿಗೆ ಹೆಚ್ಚಾಗಿ ಹೊಳೆಯುತ್ತದೆ, 488 ನ್ಯಾನೊಮೀಟರಿನ ನೀಲಿ ಬೆಳಕಿಗೆ ಕಡಿಮೆ. ಬಿಚ್ಚಿಕೊಂಡಾಗ ಅದರ ತಿರುಗುಮುರುಗು. ಆದ್ದರಿಂದ ಎರಡೂ ಬೆಳಕಿನಲ್ಲಿ ನೋಡಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಾಕು. ಕೋಶದಲ್ಲಿ ಪ್ರೋಟೀನು ಹೆಚ್ಚಿರಲಿ ಕಡಿಮೆಯಿರಲಿ, ಭಾಗಲಬ್ಧ ಕೆಡುವುದಿಲ್ಲ. ಹಳೆಯ ಬಣ್ಣ ಸ್ಪ್ರಿಂಗು ತಕ್ಕಡಿಯಾದರೆ ಇದು ಎರಡು ತಟ್ಟೆಯ ತಕ್ಕಡಿ.

ಅಮಿತ್ ಸಿಂಗ್ ಮತ್ತು ಸಂಗಡಿಗರು ಇದಕ್ಕೆ ಕ್ಷಯದ ಸೂಕ್ಷ್ಮಜೀವಿಯದೇ ಒಂದು ಪ್ರೋಟೀನನ್ನು ಬೆಸೆದರು. ಈ ಜೀವಿಯು ಉತ್ಕರ್ಷಣದಿಂದ ತನ್ನನ್ನು ಕಾಪಾಡಿಕೊಳ್ಳಲು ಮೈಕೊಥಯಾಲ್ ಎಂಬ ಗಂಧಕದ ವಸ್ತುವನ್ನು ಇಟ್ಟುಕೊಂಡಿರುತ್ತದೆ; ನಮ್ಮ ಕೋಶಗಳಲ್ಲಿ ಆ ವಸ್ತು ಇಲ್ಲ. ಬೆಸೆದ ಪ್ರೋಟೀನು ಆ ಮೈಕೊಥಯಾಲಿನ ಸ್ಥಿತಿಯನ್ನು ಮಾತ್ರ ಓದಿ ಹೇಳುತ್ತದೆ. ಪೆರಾಕ್ಸೈಡನ್ನು ಅದು ನೇರವಾಗಿ ಎಣಿಸುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಪೆಟ್ಟು ತಿಂದ ಜೀವಿಯ ಕಾವಲು ಎಷ್ಟು ಗಟ್ಟಿಯಾಗಿ ಉಳಿದಿದೆಯೆಂಬುದನ್ನು ಹೇಳುತ್ತದೆ. 2014ರಲ್ಲಿ ಈ ಕೆಲಸ ಪ್ರಕಟವಾಯಿತು. ಕಂಡದ್ದು ಬಹು ಸ್ವಾರಸ್ಯ. ಭಕ್ಷಕ ಕೋಶಗಳೊಳಗೆ ಸೇರಿದ ಸೂಕ್ಷ್ಮಜೀವಿಗಳೆಲ್ಲ ಒಂದೇ ಸ್ಥಿತಿಯಲ್ಲಿರಲಿಲ್ಲ. ಕೆಲವು ಉತ್ಕರ್ಷಣದಿಂದ ಸೋತಿದ್ದವು, ಕೆಲವು ನಡುಮಟ್ಟದಲ್ಲಿದ್ದವು, ಕೆಲವು ಮೊದಲಿಗಿಂತಲೂ ಭದ್ರವಾಗಿದ್ದವು. ಔಷಧ ಹಾಕಿದಾಗ ಸೋತವು ಬೇಗ ಸಾಯುತ್ತಿದ್ದವು, ಭದ್ರವಾಗಿದ್ದವು ತಾಳಿಕೊಳ್ಳುತ್ತಿದ್ದವು. ಒಂದೇ ತಳಿಯಲ್ಲಿ, ಒಂದೇ ರೋಗಾಣುವಿನ ಮಕ್ಕಳಲ್ಲಿ ಈ ಭೇದ!

2019ರಲ್ಲಿ ಅದೇ ತಂಡ ಮುಂದಿನ ಮಾತನ್ನು ಹೇಳಿತು. ಭಕ್ಷಕ ಕೋಶದೊಳಗಿನ ಹುಳಿಯೇ ಕೆಲವು ಸೂಕ್ಷ್ಮಜೀವಿಗಳನ್ನು ಆ ಭದ್ರ ಸ್ಥಿತಿಗೆ ತಳ್ಳುತ್ತದೆ. ಮಲೇರಿಯಾಕ್ಕೆ ಕೊಡುವ ಹಳೆಯ ಕ್ಲೋರೊಕ್ವಿನ್ ಔಷಧ ಆ ಹುಳಿಯನ್ನು ತಗ್ಗಿಸುತ್ತದೆ. ಕ್ಷಯದ ಔಷಧದ ಜತೆಗೆ ಅದನ್ನು ಇಲಿ ಮತ್ತು ಗಿನಿ ಹಂದಿಗಳಿಗೆ ಕೊಟ್ಟಾಗ ರೋಗ ಚೆನ್ನಾಗಿ ಇಳಿಯಿತು, ಮರಳಿ ಬರುವುದೂ ಕಡಿಮೆಯಾಯಿತು. ಇದನ್ನು ಓದಿ ಯಾರೂ ಕ್ಲೋರೊಕ್ವಿನ್ ಕೊಳ್ಳಲು ಅಂಗಡಿಗೆ ಓಡಬಾರದು. ಪ್ರಾಣಿಗಳ ಪ್ರಯೋಗ ಮನುಷ್ಯರ ಚಿಕಿತ್ಸೆಯಲ್ಲ. ಆದರೆ ಸಾಧಾರಣ ಕ್ಷಯಕ್ಕೆ ಆರು ತಿಂಗಳು ಗುಳಿಗೆ ಏಕೆ ನುಂಗಬೇಕು, ಎರಡು ತಿಂಗಳಿಗೆ ಕೆಮ್ಮು ನಿಂತರೂ ಏಕೆ ಬಿಡಬಾರದು ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ. ತಾಳಿಕೊಂಡು ಕುಳಿತ ಆ ಕೆಲವನ್ನು ಮುಗಿಸಲು ಕಾಲ ಬೇಕು. ನಡುವೆ ಕೆಲಸ ಬಿಟ್ಟು ವಿಜಾಪುರಕ್ಕೋ ಕಲಬುರಗಿಗೋ ಹೋಗಬೇಕಾದವರು ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿ ತಮ್ಮ ನಿಕ್ಷಯ್ ದಾಖಲೆಯನ್ನು ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಉಚಿತ ಔಷಧ ಅಲ್ಲಿಯೂ ಮುಂದುವರಿಯುತ್ತದೆ.

ಮತ್ತೆ ಸೀಸೆಯ ಮಾತಿಗೆ ಬರೋಣ. ಹಸಿರು ಹೊಳಪನ್ನು ಮಂಕು ಮಾಡುವ ವಸ್ತು ಮನುಷ್ಯನಿಗೆ ಒಳಿತು ಮಾಡುತ್ತದೆಯೇ? ಇದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ, ಮಾಡಿ ನೋಡಿದ್ದಾರೆ. ಫಿನ್ಲೆಂಡ್ ದೇಶದಲ್ಲಿ ಧೂಮಪಾನ ಮಾಡುವ 29,133 ಗಂಡಸರಿಗೆ ವರ್ಷಗಟ್ಟಲೆ ಬೀಟಾ ಕೆರೋಟಿನ್, ಇ ಜೀವಸತ್ವ ಅಥವಾ ಬರೀ ಹುಸಿ ಗುಳಿಗೆ ಕೊಟ್ಟರು. ಬೀಟಾ ಕೆರೋಟಿನ್ ಎಂಬುದು ಗಜ್ಜರಿಗೆ ಬಣ್ಣ ಕೊಡುವ ವಸ್ತು, ಹೆಸರಾಂತ ಉತ್ಕರ್ಷಣ ನಿರೋಧಕ. 1994ರಲ್ಲಿ ಫಲಿತಾಂಶ ಬಂದಾಗ ವೈದ್ಯ ಪ್ರಪಂಚ ಬೆಚ್ಚಿತು. ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಅರ್ಬುದ ಕಡಿಮೆಯಾಗುವ ಬದಲು ನೂರಕ್ಕೆ 18ರಷ್ಟು ಹೆಚ್ಚಿತ್ತು. ಇ ಜೀವಸತ್ವದಿಂದ ಅರ್ಬುದ ತಗ್ಗಲಿಲ್ಲ. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಆಸ್‌ಬೆಸ್ಟಾಸ್ ದೂಳಿನಲ್ಲಿ ದುಡಿದ ಕಾರ್ಮಿಕರು ಸೇರಿ 18,314 ಜನರ ಮೇಲೆ ಇಂಥದೇ ಪರೀಕ್ಷೆ ನಡೆದಿತ್ತು. ಬೀಟಾ ಕೆರೋಟಿನ್ ಜತೆಗೆ ಎ ಜೀವಸತ್ವ ಪಡೆದವರಲ್ಲಿ ಅರ್ಬುದ ನೂರಕ್ಕೆ 28ರಷ್ಟು ಹೆಚ್ಚಿದುದನ್ನು ಕಂಡು 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇದರಿಂದ ಗಜ್ಜರಿ ತಿನ್ನಬಾರದೆಂದು ಅರ್ಥವಲ್ಲ. ಬೀಡಿ ಸೇದುವವನು ಗುಳಿಗೆ ನುಂಗಿ ಲೆಕ್ಕ ಸರಿಮಾಡಿಕೊಳ್ಳಬಹುದೆಂಬ ಎಣಿಕೆಗೆ ಆಧಾರವಿಲ್ಲ, ಕೇಡಿನ ಸಂಭವವೇ ಉಂಟು ಎಂದು ಅರ್ಥ. ಗಾಜಿನ ತಟ್ಟೆಯ ಕೋಶದಲ್ಲಿ ಹೊಳಪು ಇಳಿದದ್ದು ಒಂದು ಸಂಗತಿ, ಉಸಿರಾಡುವ ಮನುಷ್ಯನ ಶ್ವಾಸಕೋಶ ಇನ್ನೊಂದು.

ಕಡೆಯದಾಗಿ, ಈ ಬೆಳಕು ಆಸ್ಪತ್ರೆಯಲ್ಲಿ ದಿನವೂ ಉಪಯೋಗಕ್ಕೆ ಬರುವ ಒಂದು ಸಂದರ್ಭವನ್ನು ಹೇಳುತ್ತೇವೆ. ಕೆಲವು ಮಕ್ಕಳು ಹುಟ್ಟಿನಿಂದಲೇ ಬಿಳಿ ರಕ್ತಕಣಗಳಲ್ಲಿ ಸೂಪರಾಕ್ಸೈಡ್ ತಯಾರಿಸುವ ಶಕ್ತಿ ಇಲ್ಲದೆ ಬರುತ್ತಾರೆ. ಅಂಥ ಮಗುವಿಗೆ ಕೀವುಗುಳ್ಳೆ, ಶ್ವಾಸಕೋಶದ ಸೋಂಕು, ಗಂಟುಗಳು ಮೇಲಿಂದ ಮೇಲೆ ಕಾಡುತ್ತವೆ. ಕ್ರಿಯಾಶೀಲ ಆಮ್ಲಜನಕ ಬರೀ ಶತ್ರುವಾಗಿದ್ದರೆ ಈ ಮಕ್ಕಳು ಎಲ್ಲರಿಗಿಂತ ಗಟ್ಟಿಯಾಗಿರಬೇಕಿತ್ತು! ಇದನ್ನು ಪತ್ತೆಮಾಡಲು ರಕ್ತದ ಹನಿಗೆ ಡೈಹೈಡ್ರೊರೋಡಮಿನ್ ಎಂಬ ಬಣ್ಣ ಸೇರಿಸಿ ಬಿಳಿಕಣಗಳನ್ನು ಕೆರಳಿಸುತ್ತಾರೆ. ಆರೋಗ್ಯವಂತನ ಕಣಗಳು ಹೊಳೆಯುತ್ತವೆ, ರೋಗಿಯವು ಕತ್ತಲೆಯಾಗಿಯೇ ಉಳಿಯುತ್ತವೆ. ನಮಗೆ ಹತ್ತಿರದಲ್ಲಿ ಮುಂಬಯಿಯ ಪರಳಿನಲ್ಲಿರುವ ರಾಷ್ಟ್ರೀಯ ರೋಗರಕ್ಷಾ ರಕ್ತವಿಜ್ಞಾನ ಸಂಸ್ಥೆಯಲ್ಲಿ ಈ ಪರೀಕ್ಷೆಯನ್ನು ಮಾಡುತ್ತಾರೆ. ಇಲ್ಲಿಯೂ ದಲ್ಲಾಳಿಯ ಕಾಟ ತಪ್ಪಿಲ್ಲ. ಈ ಬಣ್ಣ ಹೊಳೆಯಲು ಬಿಳಿಕಣದ ಒಂದು ಪೆರಾಕ್ಸಿಡೇಸ್ ಬೇಕು. ಆ ಕಿಣ್ವ ಮಾತ್ರ ಇಲ್ಲದ ಮಗುವಿನ ರಕ್ತವೂ ಮಂಕಾಗಿ ಕಾಣುತ್ತದೆ, ಆದರೆ ಆ ದೋಷ ಬಹುಮಟ್ಟಿಗೆ ನಿರಪಾಯ. ವೈದ್ಯರು ಇದನ್ನು ಬಲ್ಲರು, ಆದುದರಿಂದ ಬೇರೆ ಪರೀಕ್ಷೆಯಿಂದ ತಾಳೆ ನೋಡುತ್ತಾರೆ. ಬಿಳಿಕಣಗಳು ಹೆಚ್ಚು ಹೊತ್ತು ಬದುಕುವುದಿಲ್ಲವಾದ್ದರಿಂದ ರಕ್ತವನ್ನು ಬೇಗ ತಲುಪಿಸಬೇಕು. ಹಾಗೆ ದೂರದ ಊರಿಂದ ಕಳುಹಿಸುವಾಗ ಒಂದಲ್ಲ, ಎರಡು ನಳಿಗೆಗಳನ್ನು ಕಳುಹಿಸುವುದು ಪದ್ಧತಿ: ಒಂದರಲ್ಲಿ ಮಗುವಿನ ರಕ್ತ, ಇನ್ನೊಂದರಲ್ಲಿ ಅದೇ ಹೊತ್ತಿನಲ್ಲಿ ತೆಗೆದ, ಅದೇ ಬಿಸಿಲಿನಲ್ಲಿ ಅದೇ ದಾರಿ ನಡೆದು ಬಂದ, ಆರೋಗ್ಯವಂತನೊಬ್ಬನ ರಕ್ತ.